ಹಾವಿಗೂ ಒಬ್ಬ ಹೆಳವ ಬೇಕು

“ಮಾಮಾ, ಒಂದು ಫಾರ್ಮ್ ತುಂಬೂದದ, ಸ್ವಲ್ಪ ಬಂದು ಹೋಗ್ತೀರೇನು?” ಅಂತ ಅಕ್ಕನ ಮಗ ಫೋನ್ ಮಾಡಿದ್ದು 2024ರ ಆಗಸ್ಟ್ ಮೊದಲ ವಾರ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಎಜುಕೇಶನ್ ಲೋನಿನ ಫಾರ್ಮ್ ಇರಬೇಕು, ನನ್ನ ಸಹಿ ಬೇಕಾಗಿರಬೇಕು ಅಂದುಕೊಂಡು ಹಿಂಜೆವಾಡಿಯಿಂದ ಕೊತ್ರೂಡಿಗೆ ಮಳೆಯಲ್ಲೇ ಹೋದೆ. ರೂಮಿನ ಮೂಲೆಯ ಟೇಬಲ್ ಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಸುಮಾರು ನಾಲ್ಕಡಿ ಉದ್ದದ ಹಾವು. ಹಳೇ ಬೆಲ್ಲದ ಬಣ್ಣ, ಬೆನ್ನ ಮೇಲೆ ಸಾಲಾಗಿ ಕಡುಗಂದು ಪಟ್ಟೆ. ಹೆಸರೂ ಬೆಲ್ಲ ಅಂತಲೇ. ಎಂ.ಎಸ್. ಮಾಡಲು ಜರ್ಮನಿಗೆ ಹೋದ ಸೀನಿಯರ್ ಒಬ್ಬ ಬಿಟ್ಟುಹೋಗಿದ್ದನಂತೆ. “ಅವ್ವಗ ಹೇಳಬ್ಯಾಡ್ರಿ” ಅಂದ. (ಈಗ ಹೇಳಿಯಾಗಿದೆ. ಅಕ್ಕ ಮೂರು ದಿನ ನನ್ನ ಜೊತೆಗೂ ಮಾತಾಡಲಿಲ್ಲ.)

ಫಾರ್ಮ್ ಯಾವುದು ಅಂತ ಆಮೇಲೆ ಗೊತ್ತಾಯಿತು. ನಮ್ಮ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಇವನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಹೊರದೇಶದ ಹಾವುಗಳ ವಿಷಯದಲ್ಲಿ ಮಾತ್ರ ಬಹಳ ಕಾಲ ಕಾನೂನು ಸುಮ್ಮನಿತ್ತು. 2020ರ ಜೂನಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, “ನಿಮ್ಮ ಹತ್ತಿರ ಇರುವುದನ್ನು ಆರು ತಿಂಗಳಲ್ಲಿ ನೀವಾಗಿಯೇ ತಿಳಿಸಿ, ಕಾಗದಪತ್ರ ಕೇಳುವುದಿಲ್ಲ” ಎಂದು ಒಂದು ಅವಕಾಶ ಕೊಟ್ಟಿತು. 2022ರ ತಿದ್ದುಪಡಿಯಲ್ಲಿ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿದವು. 2024ರ ಫೆಬ್ರವರಿ ಕೊನೆಗೆ ನಿಯಮಗಳೂ ಬಂದವು: ಅಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದು ಮರಿ ಹಾಕಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಬೋವಾ ಕುಟುಂಬ ಇಡೀ ಸೈಟಿಸ್ ಪಟ್ಟಿಯಲ್ಲಿದೆ. ಗಡುವಿಗೆ ಮೂರು ವಾರ ಉಳಿದಿತ್ತು.

“ಹೆಸರೇನು, ಎಲ್ಲಿಂದ ಬಂತು, ಇಷ್ಟೇ ಮಾಮಾ. ಎಲ್ಲಾ ಇದರಾಗದ” ಅಂತ ಅಳಿಯ ಒಂದು ಚೀಟಿ ಕೊಟ್ಟ. ಸೀನಿಯರ್‌ಗೆ ಮಾರಿದವರು ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿ. ಅದರಲ್ಲಿ ಇದ್ದದ್ದು ಇಷ್ಟು: ಕೊಲಂಬಿಯನ್ ರೆಡ್‌ಟೇಲ್ ಬೋವಾ. ಸಿಬಿ. 66% ಹೆಟ್ ಆಲ್ಬಿನೊ.

ನಾನು ಬ್ಯಾಂಕುಗಳ ಡೇಟಾ ಮೇಲೆ ಕೆಲಸ ಮಾಡುವವನು. ನಮ್ಮಲ್ಲಿ ‘ಡೇಟಾ ಲಿನಿಯೇಜ್’ ಅಂತ ಒಂದು ಮಾತಿದೆ. ರಿಪೋರ್ಟಿನಲ್ಲಿ ಕಾಣುವ ಒಂದು ಅಂಕಿ ಯಾವ ಟೇಬಲಿನಿಂದ ಹೊರಟು, ಎಲ್ಲೆಲ್ಲಿ ಹಾದು, ಯಾವುದರ ಜೊತೆ ಕೂಡಿ ಇಲ್ಲಿಗೆ ಬಂತು ಅನ್ನುವ ಜಾತಕ. ಎರಡು ಟೇಬಲ್‌ಗಳನ್ನು ಕೂಡಿಸುವಾಗ ‘ಇದು ಎಲ್ಲಿಂದ ಬಂತು’ ಎಂಬ ಕಾಲಂ ಬಿಟ್ಟರೆ ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಆ ಚೀಟಿ ನೋಡಿದಾಗ ಹೊಟ್ಟೆಯಲ್ಲಿ ಅದೇ ಕಸಿವಿಸಿ ಆಯಿತು.

ಮೊದಲು ಹೆಸರು. ಇದರ ಕಥೆ ಶುರುವಾಗುವುದೇ ಒಂದು ತಪ್ಪು ವಿಳಾಸದಿಂದ. 1758ರಲ್ಲಿ ಲಿನ್ನೇಯಸ್ ಬೋವಾ ಕನ್‌ಸ್ಟ್ರಿಕ್ಟರ್ ಎಂದು ಹೆಸರಿಟ್ಟಾಗ ಅದರ ನೆಲೆ ‘ಇಂಡೀಸ್’ ಎಂದು ಬರೆದುಬಿಟ್ಟ. ಈ ಹಾವು ಇರುವುದು ಅಮೆರಿಕ ಖಂಡಗಳಲ್ಲಿ. ನಮ್ಮ ಹೊಲದ ಮಣ್ಣುಮುಕ್ಕ ಅದರ ದೂರದ ನಂಟ ಅಷ್ಟೇ. 1803ರಲ್ಲಿ ಫ್ರಾನ್ಸಿನ ದೊದಾಂ ಮೆಕ್ಸಿಕೊ ಕಡೆಯ ಬೋವಾಕ್ಕೆ ಇಂಪರೇಟರ್ ಎಂದು ಬೇರೆ ಹೆಸರು ಕೊಟ್ಟ. ಆಮೇಲೆ ಅದು ಬಹಳ ಕಾಲ ಕನ್‌ಸ್ಟ್ರಿಕ್ಟರ್‌ನ ಉಪಪ್ರಭೇದವಾಗಿಯೇ ಪುಸ್ತಕಗಳಲ್ಲಿ ಇತ್ತು. 2014ರ ಹೊತ್ತಿಗೆ ಡಿಎನ್‌ಎ ಅಧ್ಯಯನಗಳ ಆಧಾರದ ಮೇಲೆ ಮತ್ತೆ ಸ್ವತಂತ್ರ ಪ್ರಭೇದವಾಯಿತು. ಹೀಗಾಗಿ ಇಪ್ಪತ್ತು ವರ್ಷ ಹಿಂದಿನ ಚೀಟಿಗೂ ಇವತ್ತಿನ ಚೀಟಿಗೂ ಹಾವು ಅದೇ ಇದ್ದರೂ ಹೆಸರು ಬೇರೆ.

‘ರೆಡ್‌ಟೇಲ್’ ಅಂದರೆ ನಿಜಕ್ಕೂ ಕೆಂಪು ಬಾಲದ್ದು, ಅಮೆಜಾನ್ ಕಡೆಯ ಕನ್‌ಸ್ಟ್ರಿಕ್ಟರ್: ಸುರಿನಾಮ್, ಗಯಾನ, ಬ್ರೆಜಿಲ್, ಪೆರು. ಬಾಲದ ಪಟ್ಟೆಗಳು ರಕ್ತಗೆಂಪು, ಬೆನ್ನಿನ ತಡಿಯಾಕಾರದ ಪಟ್ಟೆಗಳು ಕಡಿಮೆ, ಅವುಗಳ ಮೂಲೆಗಳು ಬಾವಲಿ ರೆಕ್ಕೆಯ ಹಾಗೆ ಚೂಪು. ಇಂಪರೇಟರ್‌ದು ಇಟ್ಟಿಗೆ ಬಣ್ಣದ ಬಾಲ, ಬೆನ್ನಿನ ಪಟ್ಟೆ ಹೆಚ್ಚು. ಕೊಲಂಬಿಯ ದೇಶದಲ್ಲಿ ಎರಡೂ ಇವೆ, ಬೇರೆ ಬೇರೆ ಕಡೆ. ಸಾಕುವವರಿಗೆಂದು ಹಿಂದೆ ಅಲ್ಲಿಂದ ಹಡಗು ಹಡಗಾಗಿ ಹೋದದ್ದು ಇಂಪರೇಟರ್. ಆದರೆ ಅಂಗಡಿಯವರು ಅದಕ್ಕೇ ‘ಕೊಲಂಬಿಯನ್ ರೆಡ್‌ಟೇಲ್’ ಅಂತ ಕರೆದರು. ಚೀಟಿಯ ಮೊದಲ ಸಾಲು ಹೇಳುವುದು ಒಂದು, ಹಾವು ಬಹುಶಃ ಇನ್ನೊಂದು.

ಅಳಿಯ ಆಗಲೇ ಪಟ್ಟೆ ಎಣಿಸಿ ಇಟ್ಟಿದ್ದ. ನಾನು ಬಾಲ ನೋಡಿದೆ. ಟ್ಯೂಬ್‌ಲೈಟಿನಲ್ಲಿ ಇಟ್ಟಿಗೆ, ಕಿಟಕಿ ಹತ್ತಿರ ಹಿಡಿದರೆ ಕೆಂಪು. ಹಿಂದಿನ ತಿಂಗಳು ಅದು ಬಿಟ್ಟ ಪೊರೆಯನ್ನೂ ಹುಡುಗ ಎತ್ತಿಟ್ಟಿದ್ದ. ಪೊರೆಯ ಮೇಲೆ ಪ್ರತಿ ಹುರುಪೆಯ ಅಚ್ಚು ಉಳಿದಿರುತ್ತದೆ, ಹಾವನ್ನು ಮುಟ್ಟದೆಯೇ ಸಾಲು ಎಣಿಸಬಹುದು. ನಾವಿಬ್ಬರೂ ಅದನ್ನು ಒದ್ದೆ ಮಾಡಿ, ಬಿಡಿಸಿ, ಗುಂಡುಸೂಜಿ ಹಿಡಿದು ಎಣಿಸಲು ಕೂತೆವು. ಬೋವಾದ ಹುರುಪೆ ಬಹಳ ಸಣ್ಣವು, ನಡುಮೈಯ ಒಂದು ಸುತ್ತಿಗೆ ಎಷ್ಟೋ ಡಜನ್. ಮೂರು ಸಲ ಎಣಿಸಿದರೆ ಮೂರು ಲೆಕ್ಕ. ಲೆಕ್ಕ ಸರಿ ಬಂದಿದ್ದರೂ ಪೂರ್ತಿ ಪ್ರಯೋಜನವಿರಲಿಲ್ಲ. ಇಂಥ ಲಕ್ಷಣಗಳನ್ನೆಲ್ಲ ಬರೆದಿಟ್ಟಿರುವುದು ಎಲ್ಲಿ ಹಿಡಿದದ್ದು ಎಂದು ಗೊತ್ತಿರುವ ಕಾಡಿನ ಹಾವುಗಳನ್ನು ನೋಡಿ. ಬಣ್ಣಕ್ಕಾಗಿಯೇ ಆರಿಸಿ ಆರಿಸಿ ಕೂಡಿಸಿದ ಸಾಕುಹಾವಿನಲ್ಲಿ ಪಟ್ಟೆಯ ಸಂಖ್ಯೆಯೂ ಬಾಲದ ಕೆಂಪೂ ಸಾಕಿದವನ ಇಷ್ಟದಂತೆ ಬದಲಾಗಿರುತ್ತವೆ. ‘ಮಾಟ್ಲೆ’ ಎಂಬ ಒಂದು ವಂಶವಾಹಿ ಬಂದರೆ ಸಾಕು, ತಡಿಯಂಥ ಪಟ್ಟೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಎಣಿಸಲು ಏನೂ ಉಳಿಯುವುದಿಲ್ಲ.

“ಡಿಎನ್‌ಎ ಟೆಸ್ಟ್ ಮಾಡಿಸಿದ್ರ?” ಅಂದ. ಪೊರೆಯಿಂದಲೂ ಡಿಎನ್‌ಎ ತೆಗೆಯಲು ಬರುತ್ತದೆ, ಹೌದು. ಆದರೆ ಪ್ರಭೇದ ಗುರುತಿಸಲು ಸಾಮಾನ್ಯವಾಗಿ ನೋಡುವ ಮೈಟೊಕಾಂಡ್ರಿಯದ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ಅಪ್ಪ ಯಾವ ಊರಿನವನಾದರೂ ಅದರಲ್ಲಿ ಕಾಣಿಸುವುದಿಲ್ಲ. ಸುರಿನಾಮ್ ತಾಯಿ, ಮೆಕ್ಸಿಕೊ ಅಪ್ಪ ಇದ್ದರೆ ರಿಪೋರ್ಟ್ ‘ಸುರಿನಾಮ್’ ಅನ್ನುತ್ತದೆ. ಬೆರಕೆ ಹಿಡಿಯಲು ಅಪ್ಪ-ಅಮ್ಮ ಇಬ್ಬರಿಂದಲೂ ಬರುವ ಡಿಎನ್‌ಎಯ ಹಲವು ಜಾಗಗಳನ್ನು ನೋಡಬೇಕು. ಹೋಲಿಸಲು ಊರು ಗೊತ್ತಿರುವ ಕಾಡುಹಾವುಗಳ ಮಾದರಿಯೂ ಬೇಕು. ಕಾಲೇಜು ಹುಡುಗನ ರೂಮಿನಲ್ಲಿ ಆಗುವ ಕೆಲಸ ಅಲ್ಲ.

ಉಪಪ್ರಭೇದ ಅಂದರೆ ಶೋಕಿಯವರ ತಲೆಹರಟೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಬೋವಾ ಕನ್‌ಸ್ಟ್ರಿಕ್ಟರ್ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ಕಾಗದವಿದ್ದರೆ ವ್ಯಾಪಾರ ಮಾಡಬಹುದು. ಅದರದೇ ಒಂದು ಉಪಪ್ರಭೇದ, ಅರ್ಜೆಂಟೀನ ಕಡೆಯ ಆಕ್ಸಿಡೆಂಟಾಲಿಸ್, ಮೊದಲನೇ ಅನುಬಂಧದಲ್ಲಿದೆ, ಹುಲಿ ಇರುವ ಪಟ್ಟಿಯಲ್ಲಿ. ಮೂರನೇ ಪದ ಒಂದು ಬದಲಾದರೆ ಕಾನೂನೇ ಬದಲು. ಅರ್ಜೆಂಟೀನದ ಬೋವಾವನ್ನು ಬೇರೆಯವುಗಳ ಜೊತೆ ಕೂಡಿಸಿದವರೂ ಇದ್ದಾರೆ. ಬೆರಕೆ ಪ್ರಾಣಿಗಳ ಬಗ್ಗೆ ಸೈಟಿಸ್‌ನ ನಿರ್ಣಯ ಹೇಳುವುದು, ಇತ್ತೀಚಿನ ವಂಶದಲ್ಲಿ ಪಟ್ಟಿಯ ಪ್ರಾಣಿ ಇದ್ದರೆ ಬೆರಕೆಗೂ ಅದೇ ನಿಯಮ ಅಂತ. ‘ಇತ್ತೀಚಿನ’ ಅಂದರೆ ಸಾಮಾನ್ಯವಾಗಿ ಹಿಂದಿನ ನಾಲ್ಕು ತಲೆಮಾರು.

ನಾಲ್ಕು ತಲೆಮಾರು! ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಹೆಳವ. ಬಾಗಲಕೋಟೆ ಕಡೆಯವರಿಗೆ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ. ಮನೆ ಮುಂದೆ ನಿಂತು ನಮ್ಮ ಅಜ್ಜ, ಮುತ್ತಜ್ಜ, ಅವರಪ್ಪ, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಯಾವ ಮನೆಯಿಂದ ಹೆಣ್ಣು ತಂದರು, ಎಲ್ಲಾ ಒಂದೇ ಉಸಿರಿಗೆ ಹೇಳುತ್ತಿದ್ದ. ಆ ವರ್ಷ ಹುಟ್ಟಿದ ಮಗುವಿನ ಹೆಸರು ಕೇಳಿ ಸೇರಿಸಿಕೊಳ್ಳುತ್ತಿದ್ದ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ಅಜ್ಜನಿಗೆ ಒಂದು ಸಂಶಯ ಬಂದರೆ ಕೇಳುತ್ತಿದ್ದದ್ದು ಅವನನ್ನೇ, ಮನೆಯವರ ಮುಖ ನೋಡಿ ಯಾರೂ ವಂಶ ಹೇಳುತ್ತಿರಲಿಲ್ಲ. ಬೆಲ್ಲನ ಮುಖ ನೋಡಿ ನಾವು ಮಾಡುತ್ತಿದ್ದದ್ದು ಅದನ್ನೇ.

ಪ್ರಾಣಿಸಂಗ್ರಹಾಲಯಗಳಲ್ಲಿ ಈ ಹೆಳವನ ಕೆಲಸಕ್ಕೆ ಸ್ಟಡ್‌ಬುಕ್ ಅಂತ ಹೆಸರು: ಪ್ರತಿ ಪ್ರಾಣಿಗೂ ನಂಬರು, ಅಪ್ಪ-ಅಮ್ಮನ ನಂಬರು, ಮೊದಲ ಪೂರ್ವಜನನ್ನು ಎಲ್ಲಿ ಹಿಡಿದರು ಎಂಬ ಊರು. ಚರ್ಮದಡಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್. ಮನೆಯಲ್ಲಿ ಸಾಕುವವರಲ್ಲಿಯೂ ಒಳ್ಳೆಯವರು ಇದನ್ನು ಮಾಡುತ್ತಾರೆ, ಬೆನ್ನಿನ ಪಟ್ಟೆಯ ಫೋಟೋ ಹುಟ್ಟಿದಾಗಲೇ ತೆಗೆದಿಡುತ್ತಾರೆ. ವಯಸ್ಸಾದಂತೆ ಬಣ್ಣ ಮಂಕಾದರೂ ಪಟ್ಟೆಯ ಆಕಾರ ಬೆರಳಚ್ಚಿನಂತೆ ಉಳಿಯುತ್ತದೆ.

ಪುಸ್ತಕ ಇಟ್ಟರೂ ಹಾವು ಸುಳ್ಳು ಹೇಳಿಸಬಲ್ಲದು. ಹೆಣ್ಣುಹಾವು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳಬಲ್ಲದು. ಈ ಸಲ ನೀವು ಯಾವ ಗಂಡನ್ನು ಬಿಟ್ಟಿರಿ ಎಂಬುದಷ್ಟೇ ಅಪ್ಪನ ಗುರುತಲ್ಲ. ಇನ್ನೂ ದೊಡ್ಡ ಕಥೆ 2010ರದ್ದು. ಅಮೆರಿಕದಲ್ಲಿ ಒಂದು ಹೆಣ್ಣು ಬೋವಾ ಇಪ್ಪತ್ತೆರಡು ಮರಿ ಹಾಕಿತು. ಎಲ್ಲವೂ ಹೆಣ್ಣು, ಎಲ್ಲಕ್ಕೂ ತಾಯಿಯದೇ ಅಪರೂಪದ ಕ್ಯಾರಮೆಲ್ ಬಣ್ಣ. ಜೊತೆಗಿದ್ದ ಗಂಡುಗಳಲ್ಲಿ ಆ ಬಣ್ಣದ ವಂಶವಾಹಿಯೇ ಇರಲಿಲ್ಲ. ಪರೀಕ್ಷಿಸಿದರೆ ಅಪ್ಪನೇ ಇಲ್ಲ, ತಾಯಿಯೊಬ್ಬಳೇ ಹೆತ್ತ ಮಕ್ಕಳು. ಕುಂತಿಗಾದರೂ ಸೂರ್ಯ ಇದ್ದ.

ಎರಡನೇ ಪದ, ಸಿಬಿ. ಕ್ಯಾಪ್ಟಿವ್ ಬ್ರೆಡ್, ಸಾಕಣೆಯಲ್ಲಿ ಹುಟ್ಟಿದ್ದು ಎಂದು ಅರ್ಥ. ಗಿರಾಕಿಗೆ ಸಮಾಧಾನ ಕೊಡುವ ಪದ: ಕಾಡಿನಿಂದ ಕದ್ದದ್ದಲ್ಲ, ಪಾಪ ಇಲ್ಲ. ಸೈಟಿಸ್‌ನಲ್ಲಿ ಇದಕ್ಕೆ ಸಡಿಲ ಅರ್ಥ ಇಲ್ಲ. ಕಾಡಿನಿಂದ ತಂದ ಬಸುರಿ ಹಾವು ಪೆಟ್ಟಿಗೆಯಲ್ಲಿ ಮರಿ ಹಾಕಿದರೆ ಆ ಮರಿಗಳಿಗೆ ‘ಸಿ’ ಸಂಕೇತ ಸಿಗುವುದಿಲ್ಲ. ಅಪ್ಪ-ಅಮ್ಮ ಸಾಕಣೆಯಲ್ಲೇ ಕೂಡಿರಬೇಕು, ಕಾನೂನಿನಂತೆ ಕಟ್ಟಿದ ಗುಂಪಿನವಾಗಿರಬೇಕು, ಆ ಗುಂಪು ಎರಡನೇ ತಲೆಮಾರನ್ನು ಪಡೆಯುತ್ತದೆ ಎಂದು ತೋರಿಸಬೇಕು. ಅಂದರೆ ಸಿಬಿ ಅನ್ನುವುದೂ ವಂಶಾವಳಿಯ ಮಾತೇ. ಅದಿಲ್ಲದೆ ಎರಡಕ್ಷರ ಬರೆಯಲು ಏನು ಖರ್ಚು? ಇಂಡೋನೇಷ್ಯದಿಂದ ‘ಸಾಕಣೆಯಲ್ಲಿ ಹುಟ್ಟಿದವು’ ಎಂದು ರಫ್ತಾಗುತ್ತಿದ್ದ ಹಸಿರು ಮರಹೆಬ್ಬಾವುಗಳ ಜಾಡು ಹಿಡಿದು ಇಬ್ಬರು ಸಂಶೋಧಕರು 2011ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕನಿಷ್ಠ ನೂರಕ್ಕೆ ಎಂಬತ್ತು ಕಾಡಿನಿಂದ ಹಿಡಿದವು! ಆ ಹಾವಿನ ಮರಿ ಹಳದಿ ಇಲ್ಲವೇ ಕೆಂಪು, ಬೆಳೆದ ಮೇಲೆ ಹಸಿರು. ಬಿಯಾಕ್ ದ್ವೀಪದ್ದೋ ಆರು ದ್ವೀಪದ್ದೋ ಎಂಬುದರ ಮೇಲೆ ಬೆಲೆ. ಒಂದು ದ್ವೀಪವನ್ನು ಬರಿದು ಮಾಡಿ, ಮೇಲೆ ಸಿಬಿ ಅಂತ ಚೀಟಿ ಅಂಟಿಸಿ, ಸಜ್ಜನರ ಮನೆಗೆ ಕಳಿಸುವ ದಾರಿ ಇದು.

ಬೋವಾಗಳಲ್ಲೂ ದ್ವೀಪದ ಕಥೆ ಇದೆ. ಹೊಂಡುರಾಸ್‌ನ ಕಾಯೋಸ್ ಕೊಚಿನೋಸ್ ಎಂಬ ಪುಟ್ಟ ದ್ವೀಪಗಳಲ್ಲಿ ತಿಳಿಗುಲಾಬಿ ಬಣ್ಣದ ಸಣ್ಣ ಬೋವಾ ಇದೆ. ಸಾಕುವವರ ಭಾಷೆಯಲ್ಲಿ ‘ಹಾಗ್ ಐಲೆಂಡ್’. ಎಂಬತ್ತರ ದಶಕದಲ್ಲಿ ಅದನ್ನು ಎಷ್ಟು ಹಿಡಿದು ಸಾಗಿಸಿದರೆಂದರೆ ಅಲ್ಲಿ ಕಾಣುವುದೇ ಕಷ್ಟವಾಗಿತ್ತು. ಅದೇ ಹೊತ್ತಿಗೆ ಪರದೇಶದ ಪೆಟ್ಟಿಗೆಗಳಲ್ಲಿ ಬೇಕಾದಷ್ಟಿದ್ದವು. ಅವು ಆ ದ್ವೀಪಕ್ಕೆ ಇಡುಗಂಟು ಆಗಬಹುದಿತ್ತು. ಆದರೆ ತಿಳಿಬಣ್ಣ ಬೇಕೆಂದು ಅವನ್ನು ಕೊಲಂಬಿಯದವುಗಳ ಜೊತೆ ಕೂಡಿಸಿದರು, ಮರಿಗಳಲ್ಲಿ ತಿಳಿಯಾಗಿದ್ದವನ್ನು ಅದೇ ಹೆಸರಿನಲ್ಲಿ ಮಾರಿದರು. ಪುಸ್ತಕ ಇಟ್ಟ ಕೆಲವೇ ಜನರ ಹಾವುಗಳನ್ನು ಬಿಟ್ಟರೆ ಉಳಿದವನ್ನು ಯಾರೂ ಆ ದ್ವೀಪದ ಮಕ್ಕಳು ಎಂದು ಎದೆ ಮುಟ್ಟಿ ಹೇಳಲಾರರು.

ಮೂರನೇ ಸಾಲಿನ ‘66% ಹೆಟ್ ಆಲ್ಬಿನೊ’ ಬಗ್ಗೆ ಅಳಿಯನಿಗೆ ಬಹಳ ಹೆಮ್ಮೆ. ಲೆಕ್ಕ ಸರಳ. ಬಿಳಿಚು ಬಣ್ಣದ ವಂಶವಾಹಿಯನ್ನು ಬಚ್ಚಿಟ್ಟುಕೊಂಡ, ನೋಡಲು ಮಾಮೂಲಿ ಇರುವ ಅಪ್ಪ-ಅಮ್ಮ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಬಿಳಿಚು. ಉಳಿದ ಮೂರು ನೋಡಲು ಮಾಮೂಲಿ, ಅದರಲ್ಲಿ ಎರಡು ಗುಟ್ಟು ಹೊತ್ತಿರುತ್ತವೆ. ಮೂರರಲ್ಲಿ ಎರಡು, ಅಂದರೆ 66%. ಈ ಅಂಕಿ ಬೆಲ್ಲನನ್ನು ನೋಡಿ ಬಂದದ್ದಲ್ಲ. ಹೆಸರಿಲ್ಲದ ಅಪ್ಪ, ಹೆಸರಿಲ್ಲದ ಅಮ್ಮ ಇಬ್ಬರ ಮೇಲೂ ನಂಬಿಕೆ ಇಟ್ಟರೆ ಮಾತ್ರ ನಿಲ್ಲುವ ಅಂಕಿ. ಆಲ್ಬಿನೊ ಅಂದರೂ ಯಾವ ಆಲ್ಬಿನೊ? ಬೋವಾದಲ್ಲಿ ಕಾಲ್ ವಂಶ, ಶಾರ್ಪ್ ವಂಶ ಅಂತ ಎರಡು ಇವೆ, ವಂಶವಾಹಿಗಳು ಬೇರೆ. ಎರಡು ಬಿಳಿಚು ಹಾವು ಕೂಡಿಸಿದರೂ, ಒಂದು ಕಾಲ್, ಒಂದು ಶಾರ್ಪ್ ಇದ್ದರೆ ಮರಿಗಳೆಲ್ಲ ಮಾಮೂಲಿ ಬಣ್ಣ.

ಆಗ ಹುಡುಗ ನಿಜವಾದ ವಿಷಯ ಬಾಯಿಬಿಟ್ಟ. ಮುಂಬೈಯ ಗೆಳೆಯನೊಬ್ಬನ ಹತ್ತಿರ ಗಂಡು ಬೋವಾ ಇದೆಯಂತೆ, ‘ಸುರಿನಾಮ್’ ಅಂತ ಚೀಟಿ ಇರುವುದು. ಚಳಿಗಾಲದಲ್ಲಿ ಕೂಡಿಸಿದರೆ ಇಪ್ಪತ್ತು ಮೂವತ್ತು ಮರಿ. ಮುಂದಿನ ವರ್ಷದ ಫೀಸಿನ ಅರ್ಧ ಅದರಲ್ಲೇ. ಭಾವ ತೀರಿಕೊಂಡ ಮೇಲೆ ಅಕ್ಕ ಫೀಸು ಹೇಗೆ ಹೊಂದಿಸುತ್ತಾಳೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಬೈಯಲು ಬಾಯಿ ಬರಲಿಲ್ಲ.

“ಆ ಮರಿಗಳ ಚೀಟಿ ಮ್ಯಾಲೆ ಏನಂತ ಬರೀತಿ?” ಅಂದೆ.

“ರೆಡ್‌ಟೇಲ್, ಸಿಬಿ...” ಸ್ವಲ್ಪ ಹೊತ್ತು ಲೆಕ್ಕ ಹಾಕಿ, “33% ಹೆಟ್” ಅಂದ. ಲೆಕ್ಕ ಸರಿಯೇ. ಊಹೆಯನ್ನು ಅರ್ಧ ಮಾಡಿದರೆ ಬರುವುದು ಅಷ್ಟೇ.

“ಬೆರಕಿ ಆದ್ರ ಏನಾತು ಮಾಮಾ? ಬೀದಿ ನಾಯಿ ಜಾತಿ ನಾಯಿಕಿಂತ ಗಟ್ಟಿ ಇರ್ತಾವಲ್ಲ” ಅಂತ ಕೇಳಿದ. ಮಾತು ತಪ್ಪಲ್ಲ. ಬೆರಕೆ ಎಂಬುದು ಹಾವಿನ ತಪ್ಪೂ ಅಲ್ಲ. ನನ್ನ ತಕರಾರು ಚೀಟಿಯ ಮೇಲೆ. ಅದಕ್ಕೆ ಕಾರ್ಪೆಟ್ ಹೆಬ್ಬಾವಿನ ಉದಾಹರಣೆ ಕೊಟ್ಟೆ. ಆಸ್ಟ್ರೇಲಿಯ ಕಡೆಯ ಈ ಹಾವಿನಲ್ಲಿ ಹಲವು ಉಪಪ್ರಭೇದಗಳಿವೆ. ತೊಂಬತ್ತರ ದಶಕದಲ್ಲಿ ನಾರ್ವೆಯಲ್ಲಿ, ಕರಾವಳಿ ಉಪಪ್ರಭೇದದಲ್ಲಿ ‘ಜಾಗ್ವಾರ್’ ಎಂಬ ಹೊಸ ಬಣ್ಣ ಹುಟ್ಟಿತು. ಎಲ್ಲರಿಗೂ ಬೇಕಾಯಿತು, ಕಾಡಿನ ಉಪಪ್ರಭೇದಕ್ಕೂ ಉಳಿದವಕ್ಕೂ ಸೇರಿಸಿದರು. ಆ ಬಣ್ಣದ ಬೆನ್ನಿಗೇ ನರದೋಷವೂ ಬಂತು: ತಲೆ ವಾಲುವುದು, ತಿರುಚಿಕೊಳ್ಳುವುದು, ಕೆಲವಕ್ಕೆ ನೆಟ್ಟಗೆ ಬೇಟೆ ಹಿಡಿಯಲಿಕ್ಕೂ ಆಗದು. ಹೊಸ ರಕ್ತ ಬಂದರೆ ಸರಿಹೋದೀತು ಅಂದರು. ಬಣ್ಣ ಇರುವ ತನಕ ದೋಷವೂ ಇದೆ. ಬಾಲ್ ಹೆಬ್ಬಾವಿನ ‘ಸ್ಪೈಡರ್’ ಬಣ್ಣದ್ದೂ ಇದೇ ಕಥೆ, ಆಫ್ರಿಕದಿಂದ ತಂದ ಒಂದೇ ಹಾವಿನ ಸಂತಾನ, ಎಲ್ಲಕ್ಕೂ ಕಡಿಮೆ-ಹೆಚ್ಚು ತಲೆ ಅಲುಗುವ ಕಾಟ. ವಂಶ ಬರೆದಿಟ್ಟವರಿದ್ದರು ಅಂತಲೇ ಇದು ಒಂದೇ ಮೂಲಕ್ಕೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಾದದ್ದು.

ಹುಡುಗ ಬೆಲ್ಲನನ್ನೇ ನೋಡುತ್ತಾ ಕೂತ. ಅದು ನೀರಿನ ಬಟ್ಟಲಲ್ಲಿ ಸುತ್ತಿಕೊಂಡು ಮಲಗಿತ್ತು.

ಫಾರ್ಮ್ ತುಂಬಲು ರಾತ್ರಿ ಹನ್ನೊಂದಾಯಿತು. ಅವನ ರೂಮ್‌ಮೇಟ್ ಒಬ್ಬ, “ಸಿಬಿ ಅಂತ ಹಾಕಿ ಮುಗಿಸಿ ಅಂಕಲ್, ಯಾರು ನೋಡ್ತಾರೆ” ಎಂದು ಹಿಂದಿಯಲ್ಲಿ ಸಲಹೆ ಕೊಟ್ಟ. ನನಗೆ 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕ ಪೆಟ್ಟಿಗೆಗಳು ನೆನಪಾದವು. ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಹೆಬ್ಬಾವು, 17 ಕಾಳಿಂಗ ಸರ್ಪ, ಜೊತೆಗೆ ಸತ್ತ ಆರು ಕೋತಿ. ಅಂಥ ಹಾವನ್ನು ಯಾವ ಕಾಡಿಗೆ ಬಿಡುವುದು? ತವರು ಯಾವುದು ಎಂದು ಹೇಳುವ ಕಾಗದ ಇರುವುದಿಲ್ಲ, ಇದ್ದರೂ ನಂಬುವ ಹಾಗಿರುವುದಿಲ್ಲ.

ಅಳಿಯನಿಗೆ ಸತ್ಯವನ್ನೇ ಹೇಳಿದೆ: ಕಾಗದವಿಲ್ಲದ್ದಕ್ಕೆ ನೋಂದಣಿ ಸಿಗದೆಯೂ ಇರಬಹುದು, ಬೆಲ್ಲನನ್ನು ಒಯ್ಯಲೂಬಹುದು. “ಸುಳ್ಳು ಬರದ್ರ ಉಳೀತದೇನು?” ಅಂದ. “ಉಳೀಬಹುದು” ಅಂದೆ. ಅದೂ ಸತ್ಯವೇ. ಬಹಳ ಹೊತ್ತು ಲ್ಯಾಪ್‌ಟಾಪ್ ನೋಡಿದ. ಆಮೇಲೆ ಅವನೇ ಟೈಪ್ ಮಾಡಿದ: ಬೋವಾ ಇಂಪರೇಟರ್, ನೋಡಿ ಊಹಿಸಿದ್ದು, ಬೆರಕೆ ಇರಬಹುದು. ಸೀನಿಯರ್ ಕೊಟ್ಟದ್ದು, ಅದರ ಹಿಂದಿನ ದಾಖಲೆ ಇಲ್ಲ. ಚೀಟಿಯ ಫೋಟೋ ಲಗತ್ತಿಸಿದೆ.

ಮುಂಬೈಯ ಗೆಳೆಯನಿಗೆ ಬೇಡ ಅಂದನಂತೆ. ಫೀಸಿನ ವಿಷಯ ನಾನೂ ಅಕ್ಕನೂ ಮಾತಾಡಿಕೊಂಡಿದ್ದೇವೆ. ಅರಣ್ಯ ಇಲಾಖೆಯಿಂದ ಈ ಅಂಕಣ ಬರೆಯುವವರೆಗೂ ಉತ್ತರ ಬಂದಿಲ್ಲ. ಹೋದ ವಾರ ಹೋದಾಗ ಪೆಟ್ಟಿಗೆಯ ಪಕ್ಕ ನೂರು ಪುಟದ ನೋಟ್‌ಬುಕ್ ಇತ್ತು. ಮೊದಲ ಪುಟದಲ್ಲಿ ‘ತಾಯಿ: ಗೊತ್ತಿಲ್ಲ. ತಂದೆ: ಗೊತ್ತಿಲ್ಲ. ಊರು: ಗೊತ್ತಿಲ್ಲ’ ಎಂದು ಬರೆದು, ಕೆಳಗೆ ಬೆನ್ನಿನ ಪಟ್ಟೆಗಳ ಫೋಟೋ ಅಂಟಿಸಿದ್ದಾನೆ. ಎರಡನೇ ಪುಟದಿಂದ ತಾರೀಖು, ತೂಕ, ಇಲಿ ತಿಂದಿತೋ ಇಲ್ಲವೋ, ಪೊರೆ ಬಿಟ್ಟ ದಿನ. ಕೊನೆಯ ರಟ್ಟಿಗೆ ಒಂದು ಲಕೋಟೆ ಅಂಟಿಸಿದ್ದಾನೆ. ನಾವು ಎಣಿಸಲು ಹೋಗಿ ಸೋತ ಪೊರೆ ಅದರೊಳಗಿದೆ.